ಸಬ್‌ಮರೀನ್ ಟ್ರೇನಿಂಗಿಗೆ ಹೋದವರು, ಮನ್ಯಾಗ ಕಾಯೋರು

ಭಾಗ 1

ಮುಧೋಳ ನಾಯಿ ಸೈನ್ಯಕ್ಕೆ ಹೋದ ಸುದ್ದಿ ನಿಮಗೆಲ್ಲಾ ಗೊತ್ತೈತಿ. ನಮ್ಮ ಕಡೆ ಹುಡುಗರು ಆರ್ಮಿಗೆ ಹೋಗೋದೂ ಹೊಸದಲ್ಲ. ಬೆಳಗ್ಗೆ ಐದಕ್ಕೆ ಬೀಳಗಿ ರಸ್ತೆಯಾಗ ಓಡೋರನ್ನ ನೋಡಿದ್ರ ಭರ್ತಿ ಹತ್ರ ಬಂತು ಅಂತ ಯಾರಾದರೂ ಹೇಳ್ತಾರ. ಆದರೆ "ನಮ್ಮಣ್ಣ ನೇವಿಯಾಗದಾನ, ಸಬ್‌ಮರೀನ್ ಟ್ರೇನಿಂಗಿಗೆ ಹೋಗ್ಯಾನ" ಅಂದ್ರ ಮಂದಿ ಒಂದು ಕ್ಷಣ ಸುಮ್ಮನಾಗ್ತಾರ. ಆಮೇಲೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಅದು ನೀರಾಗ ಮುಳುಗಿರ್ತೈತಲ್ಲ?"

ಸಮುದ್ರ ನೋಡಬೇಕಂದ್ರ ಗೋಕರ್ಣಕ್ಕೋ ಕಾರವಾರಕ್ಕೋ ಹೋಗಬೇಕಾದ ಊರು ನಮ್ದು. ಅದಕ್ಕ ಈ ಸರಣಿ ಬರೆಯಾಕತ್ತೀನಿ. ಇದರಾಗ ಯುದ್ಧದ ಕಥಿ ಕಡಿಮಿ ಇರ್ತೈತಿ. ಸಬ್‌ಮರೀನ್ ಒಳಗ ಹೋಗೋರು ಏನು ಕಲಿತಾರ, ಅವರು ಕಲಿಯೋವಾಗ ಮನಿಯವರು ಏನು ಮಾಡಿದ್ರು, ಇದೇ ವಿಷಯ. ಹಡಗಿನ ಹೆಸರು, ಅದು ಸೇವೆಗೆ ಸೇರಿದ ತಾರೀಖು ಎಲ್ಲಾ ಪುಸ್ತಕದಾಗ ಸಿಗ್ತಾವ. ಮನಿಯವರ ಇತಿಹಾಸ ಅಷ್ಟು ಸುಲಭ ಸಿಗಂಗಿಲ್ಲ, ಹುಡುಕಿ ತೆಗೀಬೇಕು.

ಕ್ಯಾಪ್ಶನ್ ಉದ್ದ ಅದಾವ. ಸೇವ್ ಮಾಡಿಟ್ಟು ನಿಧಾನ ಓದ್ರಿ.

ಭಾಗ 2

ಮೊದಲು ನಮ್ಮ ಅವ್ವನ ಭಯದಿಂದ ಶುರು ಮಾಡೋಣ. ಅದು ಬರೀ ಒಬ್ಬ ತಾಯಿಯ ಭಯ ಅಲ್ಲ, ಈ ನೆಲದ ಭಯ.

ಬಾಗಲಕೋಟೆ ಜಿಲ್ಲೆಯಾಗ "ಮುಳುಗಡೆ" ಅನ್ನೋ ಪದಕ್ಕ ಒಂದೇ ಅರ್ಥ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು, ಊರು ಹೋತು, ಹೊಲ ಹೋತು, ಗುಡಿ ಹೋತು. ಬಾಗಲಕೋಟೆ ಊರಿನ ಒಂದು ಭಾಗವೇ ನೀರಿಗೆ ಹೋಗಿ ನವನಗರ ಕಟ್ಟಬೇಕಾತು. ಬೀಳಗಿ ತಾಲೂಕಿನವರು ಇದನ್ನ ನನಗಿಂತ ಚಲೋ ಹೇಳ್ತಾರ. ಅಲ್ಲಿ ಪುನರ್ವಸತಿ ಕೇಂದ್ರ ಅಂದ್ರ ಊರಿನ ಹೆಸರಿನ ಭಾಗಾನೇ ಆಗಿಬಿಟ್ಟೈತಿ. ಇಂಥ ಕಡೆ ಹುಟ್ಟಿ ಬೆಳೆದ ಹೆಣ್ಣುಮಗಳಿಗೆ "ನಿನ್ನ ಮಗ ಮುಳುಗೋ ಹಡಗಿನ ನೌಕರಿಗೆ ಹೋಗ್ಯಾನ" ಅಂದ್ರ ಹೆಂಗಾಗಬೇಕು ಹೇಳ್ರಿ? ಮುಳುಗಿದ್ದು ಮತ್ತ ಮ್ಯಾಲ ಬಂದದ್ದನ್ನ ಆಕಿ ನೋಡೇ ಇಲ್ಲ.

ಅವ್ವಗ ನಾನು ಬಾವಿಯ ಕೊಡದ ಉದಾಹರಣೆ ಕೊಟ್ಟೆ. ಖಾಲಿ ಕೊಡ ನೀರಿನ ಮ್ಯಾಲ ತೇಲ್ತೈತಿ. ವಾಲಿಸಿ ನೀರು ತುಂಬಿಸಿದ್ರ ಮುಳುಗ್ತೈತಿ. ಸಬ್‌ಮರೀನಿನ ಮೈಗೆ ದೊಡ್ಡ ದೊಡ್ಡ ಟ್ಯಾಂಕ್ ಇರ್ತಾವ, ಅದಕ್ಕ ಸಮುದ್ರದ ನೀರು ಬಿಟ್ಟುಕೊಂಡ್ರ ಹಡಗು ಕೆಳಗ ಇಳೀತೈತಿ. ಮ್ಯಾಲ ಬರಬೇಕಂದ್ರ ಒಳಗ ಒತ್ತಿಟ್ಟ ಗಾಳಿಯನ್ನ ಆ ಟ್ಯಾಂಕಿಗೆ ಬಿಟ್ಟು ನೀರನ್ನ ಹೊರಗ ದಬ್ಬತಾರ. ಅಂದ್ರ ಇದು ತಾನಾಗೇ ಖಾಲಿ ಆಗೋ ಕೊಡ. ಅವ್ವ ಪೂರಾ ಕೇಳಿ, "ಗಾಳಿ ಮುಗಿದ್ರ?" ಅಂದಳು.

ಆ ಪ್ರಶ್ನೆಯನ್ನ ಜಗತ್ತಿನ ದೊಡ್ಡ ದೊಡ್ಡ ನೌಕಾಪಡೆಗಳು ನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಕೇಳಿಕೊಳ್ಳಾಕತ್ತಾವ. ಉತ್ತರ ಭಾಗ 5ರಾಗ ಐತಿ.

ಭಾಗ 3

ಈಗ ಸ್ವಲ್ಪ ಹಿಂದಕ್ಕ ಹೋಗೋಣ, 1965ಕ್ಕೆ.

ಆ ವರ್ಷದ ಯುದ್ಧದಾಗ ಪಾಕಿಸ್ತಾನದ ಕಡೆ "ಗಾಜಿ" ಅನ್ನೋ ಸಬ್‌ಮರೀನ್ ಇತ್ತು. ಭಾರತದ ಹತ್ರ ಒಂದೂ ಇರಲಿಲ್ಲ. ನಮ್ಮ ಕೆಲವು ಅಧಿಕಾರಿಗಳು ಅದಕ್ಕೂ ಮೊದಲೇ ಬ್ರಿಟನ್ನಿಗೆ ಹೋಗಿ ಸಬ್‌ಮರೀನ್ ವಿದ್ಯೆ ಕಲಿತಿದ್ದರು, ಆದರೆ ಬಂದ ಮೇಲೆ ಹತ್ತಾಕ ನಮ್ಮದೇ ಅಂತ ಹಡಗಿರಲಿಲ್ಲ. ಆಮೇಲೆ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆತು. ನಮ್ಮ ನಾವಿಕರು ಅಲ್ಲಿಗೆ ಹೋಗಿ ಮೊದಲು ರಷ್ಯನ್ ಭಾಷೆ ಕಲಿತರು, ಆಮೇಲೆ ಸಬ್‌ಮರೀನ್ ಕಲಿತರು. ಯಂತ್ರದ ಮ್ಯಾಲಿನ ಅಕ್ಷರ ಓದಾಕ ಬರದಿದ್ರ ಯಾವ ವಾಲ್ವ್ ತಿರುಗಿಸೋದು?

1967ರ ಡಿಸೆಂಬರ್ 8ರಂದು ರೀಗಾ ಬಂದರಿನಾಗ ಐಎನ್ಎಸ್ ಕಲ್ವರಿ ನಮ್ಮ ನೌಕಾಪಡೆಗೆ ಸೇರಿತು. ಕಮಾಂಡರ್ ಕೆ. ಎಸ್. ಸುಬ್ರಮಣಿಯನ್ ಅದರ ಮೊದಲ ಕ್ಯಾಪ್ಟನ್. ಇವತ್ತಿಗೂ ಡಿಸೆಂಬರ್ 8 ಸಬ್‌ಮರೀನ್ ದಿನ. ಕಲ್ವರಿ ಅಂದ್ರ ಆಳ ಸಮುದ್ರದ ಹುಲಿ ಶಾರ್ಕ್.

ಆದರೆ ಹಡಗು ಮನಿಗೆ ಬರೋದು ಅಷ್ಟು ಸರಳ ಇರಲಿಲ್ಲ. 1967ರ ಜೂನ್ ಯುದ್ಧದಿಂದ ಸುಯೆಜ್ ಕಾಲುವೆ ಬಂದ್ ಆಗಿತ್ತು. 1968ರ ಏಪ್ರಿಲ್‌ನಾಗ ರೀಗಾ ಬಿಟ್ಟ ಕಲ್ವರಿ, ಇಡೀ ಆಫ್ರಿಕಾ ಖಂಡ ಸುತ್ತಿಹಾಕಿ, ಮಾರಿಷಸ್ ಮುಟ್ಟಿ, ಜುಲೈದಾಗ ವಿಶಾಖಪಟ್ಟಣ ತಲುಪಿತು. ಹತ್ತತ್ರ ಮೂರು ತಿಂಗಳು. ಆ ನಾವಿಕರ ಮನಿಯವರನ್ನ ಒಂದು ಸಲ ನೆನಸ್ರಿ. ಮಗ ರಷ್ಯಾಕ್ಕ ಹೋಗ್ಯಾನ, ಯಾವುದೋ ಮಂಜಿನ ಊರಾಗ ಹೊಸ ಭಾಷೆ ಕಲಿಯಾಕತ್ತಾನ, ಈಗ ನೀರೊಳಗಿನ ಹಡಗಿನಾಗ ಆಫ್ರಿಕಾ ಸುತ್ತಿ ಬರ್ತಾನಂತ. ಕೈಯಾಗ ಇದ್ದದ್ದು ಕಾಗದ ಮಾತ್ರ. ಅದೂ ಬಂದರು ಮುಟ್ಟಿದಾಗ ಅಂಚೆಗೆ ಹಾಕಿದ್ದು.

ಎರಡು ಸಲ ನೀಲಿ ಟಿಕ್ ಬರದಿದ್ರ ನಮಗ ಹೊಟ್ಟಿ ಕಲಸ್ತೈತಿ!

ಭಾಗ 4

ಈ ಫೋಟೋದಾಗಿರೋದು ಐಎನ್ಎಸ್ ಕುರ್ಸುರಾ. ವಿಶಾಖಪಟ್ಟಣದ ಆರ್.ಕೆ. ಬೀಚಿನ ಮ್ಯಾಲ ಇಟ್ಟಾರ. 1969ರ ಡಿಸೆಂಬರ್ 18ಕ್ಕ ಸೇವೆಗೆ ಸೇರಿ, 1971ರ ಯುದ್ಧ ನೋಡಿ, 31 ವರ್ಷ ದುಡಿದು 2001ರಾಗ ನಿವೃತ್ತಿ ಆತು. ಮರುವರ್ಷ ಮ್ಯೂಸಿಯಂ ಆತು. ಟಿಕೆಟ್ ತೊಗೊಂಡು ಯಾರು ಬೇಕಾದ್ರೂ ಒಳಗ ಹೋಗಬಹುದು. ಮನ್ಯಾಗ ಯಾರಾದರೂ ಸಬ್‌ಮರೀನ್ ಆಯ್ಕೆ ಮಾಡಿದ್ರ, ಅವರ ತಂದೆ ತಾಯಿನ್ನ ಇಲ್ಲಿಗೆ ಒಮ್ಮೆ ಕರ್ಕೊಂಡು ಹೋಗ್ರಿ. ನನಗ ಗೊತ್ತಿದ್ದಂಗ ಇದಕ್ಕಿಂತ ಚಲೋ ಸಮಾಧಾನ ಇಲ್ಲ, ಇದಕ್ಕಿಂತ ದೊಡ್ಡ ಆಘಾತಾನೂ ಇಲ್ಲ.

ಹೊರಗಿನಿಂದ 91 ಮೀಟರ್ ಉದ್ದ, ದೊಡ್ಡದು ಅನ್ನಿಸ್ತೈತಿ. ಒಳಗ ಹೋದ್ರ ಬಗ್ಗಿ ನಡೀಬೇಕು. ಒಂದು ಕೋಣಿಯಿಂದ ಇನ್ನೊಂದಕ್ಕ ಹೋಗಾಕ ದುಂಡನೆಯ ಬಾಗಿಲದಾಗ ಮೊದಲು ಕಾಲು ತೂರಿಸಬೇಕು. ಎಡಕ್ಕ ಪೈಪ್, ಬಲಕ್ಕ ಪೈಪ್, ತಲಿ ಮ್ಯಾಲೂ ಪೈಪ್. ಇಂಥ ಜಾಗದಾಗ ಎಪ್ಪತ್ತರ ಆಸುಪಾಸು ಮಂದಿ ವಾರಗಟ್ಟಲೆ ಇರ್ತಿದ್ರು. ಸಿಹಿ ನೀರು ಅಳತಿಯಿಂದ ಕೊಡ್ತಾರ. ತಾಜಾ ಕಾಯಿಪಲ್ಯ ಮೊದಲ ಕೆಲವು ದಿನ, ಆಮೇಲೆ ಡಬ್ಬಿ ಊಟ. ಒಬ್ಬನ ಪಾಳಿ ಮುಗಿದ ಕೂಡಲೇ ಅವನು ಬಿಟ್ಟ ಹಾಸಿಗಿಗೆ ಇನ್ನೊಬ್ಬ. ಬನಹಟ್ಟಿಯ ಗೆಳೆಯ ಇದನ್ನ ಕೇಳಿ, "ನಮ್ಮ ಪವರ್‌ಲೂಮ್ ಶೆಡ್ಡಿನ ನೈಟ್ ಶಿಫ್ಟ್ ಇದ್ದಂಗ ಐತಲ್ಲೋ" ಅಂದ.

ಒಂದು ಫರಕ್ ಐತಿ. ಮಗ್ಗದ ಶೆಡ್ಡಿನಾಗ ಸಪ್ಪಳ ನಿಂತರೆ ಭಯ, ಏನೋ ಕೆಟ್ಟೈತಿ ಅಂತ. ಸಬ್‌ಮರೀನಿನಾಗ ಸಪ್ಪಳ ಆದರೆ ಭಯ. ನೀರಾಗ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗ ಹೋಗ್ತೈತಿ, ಬಹಳ ದೂರ ಹೋಗ್ತೈತಿ. ಒಂದು ಪಾನಾ ಕೈ ಜಾರಿ ಬಿದ್ದರೂ ವೈರಿ ಕೇಳಬಹುದು. ಅದಕ್ಕ ಸೋನಾರ್ ಕಲಿಯೋರು ಕಿವಿಯಿಂದ ಲೋಕ ಗುರುತಿಸೋದು ಕಲೀತಾರ. ರಬಕವಿಯ ಹಳೇ ನೇಕಾರ ಹಿರಿಯರನ್ನ ಕೇಳ್ರಿ, ಮಗ್ಗದ ಸಪ್ಪಳದ ಮ್ಯಾಲೇ ಎಳಿ ಹರಿದದ್ದನ್ನ ಹೇಳ್ತಾರ. ಅದೇ ಜಾತಿಯ ವಿದ್ಯೆ.

ಭಾಗ 5

"ಗಾಳಿ ಮುಗಿದ್ರ?"

1939ರಾಗ ಒಂಬತ್ತೇ ದಿನದ ಅಂತರದಾಗ ಎರಡು ಘಟನೆ ಆದ್ವು. ಇವೆರಡನ್ನ ಜೋಡಿಸಿ ಓದಬೇಕು.

ಮೇ 23ಕ್ಕ ಅಮೆರಿಕದ ಸ್ಕ್ವಾಲಸ್ ಅನ್ನೋ ಸಬ್‌ಮರೀನ್ ಪರೀಕ್ಷಾ ಮುಳುಗಿನಾಗ ನೀರು ನುಗ್ಗಿ ಸುಮಾರು 73 ಮೀಟರ್ ಆಳಕ್ಕ ಕುಂತುಬಿಡ್ತು. 26 ಮಂದಿ ಸತ್ತರು. ಉಳಿದ 33 ಮಂದಿಯನ್ನ ಗಂಟಿ ಆಕಾರದ ಒಂದು ರಕ್ಷಣಾ ಕೋಣಿ ಇಳಿಸಿ, ಒಂದೊಂದೇ ಖೇಪು ಮಾಡಿ, ಜೀವಂತ ಮ್ಯಾಲ ತಂದರು.

ಜೂನ್ 1ಕ್ಕ ಬ್ರಿಟನ್ನಿನ ಥೀಟಿಸ್ ಲಿವರ್‌ಪೂಲ್ ಹತ್ರದ ಕಡಲಿನಾಗ ಮುಳುಗಿತು. ಅದೂ ಹೊಸ ಹಡಗು, ಅದೂ ಪರೀಕ್ಷೆ. ನಾವಿಕರ ಜೊತೆ ಹಡಗು ಕಟ್ಟಿದ ಕಾರ್ಖಾನೆಯ ಕೆಲಸಗಾರರೂ ಸೇರಿ ಒಳಗ 103 ಮಂದಿ. ಹಡಗಿನ ಹಿಂಬದಿ ನೀರಿನ ಮ್ಯಾಲೇ ಕಾಣ್ತಿತ್ತು. ಆದರೂ ಬದುಕಿ ಬಂದವರು ನಾಲ್ಕೇ ಮಂದಿ. 99 ಮಂದಿ ಸತ್ತರು, ಬಹುತೇಕರು ಉಸಿರುಕಟ್ಟಿ. ಮನಿಯವರು ಹಡಗು ಕಟ್ಟಿದ ಕಂಪನಿಯ ಆಫೀಸಿನ ಮುಂದ ನಿಂತು ಕಾದರು. ಸತ್ತವರಾಗ ಅದೇ ಊರಿನ ಕೆಲಸಗಾರರೂ ಇದ್ದರು.

ಇಂಥ ಸಾವುಗಳಿಂದಾನೇ ಇವತ್ತಿನ ಟ್ರೇನಿಂಗ್ ಹುಟ್ಟಿದ್ದು. ನಮ್ಮ ದೇಶದಾಗ ಸಬ್‌ಮರೀನ್ ಕಲಿಸೋ ಶಾಲೆ ಐಎನ್ಎಸ್ ಸಾತವಾಹನ, ವಿಶಾಖಪಟ್ಟಣದಾಗ ಐತಿ, 1974ರಿಂದ. (ಸಾತವಾಹನ ಹೆಸರು ಇತಿಹಾಸದ ಪೇಪರಿನಾಗ ಅಷ್ಟೇ ಬರ್ತೈತಿ ಅನ್ಕೊಂಡಿದ್ರೇನು?) ಅಲ್ಲಿ ಕಲಿಸೋದರಾಗ ಒಂದು ಮುಖ್ಯ ಪಾಠ, ಕೆಟ್ಟು ಕುಂತ ಸಬ್‌ಮರೀನಿನಿಂದ ಹೊರಗ ಬರೋದು. 2024ರ ಸೆಪ್ಟೆಂಬರ್‌ದಾಗ ಇದಕ್ಕಂತಾನೇ "ವಿನೇತ್ರ" ಅನ್ನೋ ಹೊಸ ತರಬೇತಿ ವ್ಯವಸ್ಥೆ ಶುರು ಆಗೈತಿ. ಅದರಾಗ ಒಂದು ಗೋಪುರ, ಅದಕ್ಕ ಜೋಡಿಸಿದ ನೀರಿನ ಕೊಳ ಅದಾವ.

ಇದರ ಹಿಂದಿನ ವಿಜ್ಞಾನ ನಮ್ಮ ಕಡೆಯವರಿಗೆ ಉಲ್ಟಾ ಅನ್ನಿಸ್ತೈತಿ. ನಾವು ಬೆಂಡು ಕಟ್ಟಿಕೊಂಡು ಬಾವಿಯಾಗ ಈಜು ಕಲಿತವರು. ಮುಳುಗು ಹಾಕಿದಾಗ ಕಲಿತ ಮೊದಲ ಪಾಠ, ಉಸಿರು ಬಿಗಿ ಹಿಡಿ. ಆದರೆ ಆಳದಾಗ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚಾಗ್ತೈತಿ. ಅಲ್ಲಿ ಒತ್ತಿದ ಗಾಳಿ ಎದಿ ತುಂಬ ತೊಗೊಂಡು ಮ್ಯಾಲ ಬರೋವಾಗ ಒತ್ತಡ ಕಡಿಮಿ ಆಗಿ ಆ ಗಾಳಿ ಹಿಗ್ಗತೈತಿ. ಪಿಯುಸಿಯಾಗ ಓದಿದ ಬಾಯ್ಲನ ನಿಯಮ, ಅಷ್ಟೇ. ಉಸಿರು ಹಿಡಿದ್ರ ಪುಪ್ಪುಸ ಹರೀತಾವ. ಅದಕ್ಕ ಬರೀ ಮೈಯಿಂದ ಏರೋವಾಗ ಉಸಿರು ಬಿಡ್ತಾ ಬಿಡ್ತಾ ಬರಬೇಕು. ಬಾವಿಯ ಬುದ್ಧಿಯನ್ನ ಮರೆತು ಹೊಸದು ಕಲಿಯೋದು, ಅದಕ್ಕ ಗೋಪುರ ಬೇಕು, ಗುರು ಬೇಕು, ಮತ್ತ ಮತ್ತ ಮಾಡಬೇಕು.

ಅವ್ವನ ಪ್ರಶ್ನೆಗೆ ಉತ್ತರದ ಉಳಿದ ಅರ್ಧ: 2018ರ ಡಿಸೆಂಬರ್‌ದಾಗ ನಮ್ಮ ನೌಕಾಪಡೆಗೆ ಆಳ ಸಮುದ್ರದ ರಕ್ಷಣಾ ವಾಹನ ಬಂತು. 650 ಮೀಟರ್ ತನಕ ಇಳಿದು, ಕೆಟ್ಟು ಕುಂತ ಸಬ್‌ಮರೀನಿಗೆ ಅಂಟಿಕೊಂಡು ಮಂದಿಯನ್ನ ಹತ್ತಿಸಿಕೊಳ್ತೈತಿ. ಶಿಶುಮಾರ್ ಜಾತಿಯ ಹಡಗಿನಾಗಂತೂ ಇಡೀ ಸಿಬ್ಬಂದಿ ಕುಂತು ಮ್ಯಾಲ ತೇಲಿ ಬರೋ ಗುಂಡನೆಯ ಕೋಣಿಯೇ ಐತಿ.

ಅವ್ವ ಇದನ್ನ ಕೇಳಿ ನಂಬಿದಳೋ ಇಲ್ಲೋ ನನಗ ಗೊತ್ತಿಲ್ಲ. ಆದರೆ ಆ ದಿನದಿಂದ "ಮುಳುಗೋ ಹಡಗು" ಅನ್ನೋದು ಬಿಟ್ಟು "ಅವನ ಹಡಗು" ಅನ್ನಾಕತ್ತಾಳ.

ಭಾಗ 6

ಕಹಿ ವಿಷಯ ಬಿಟ್ಟು ಬರೆದ್ರ ಇದು ಇತಿಹಾಸ ಆಗಂಗಿಲ್ಲ.

2006ರ ಫೆಬ್ರುವರಿಯಾಗ ಅಬ್ದುಲ್ ಕಲಾಂ ಸಬ್‌ಮರೀನಿನಾಗ ಸಮುದ್ರದೊಳಗ ಹೋದ ಮೊದಲ ರಾಷ್ಟ್ರಪತಿ ಆದರು. ಹಡಗಿನ ಹೆಸರು ಸಿಂಧುರಕ್ಷಕ್. ಏಳು ವರ್ಷದ ಮೇಲೆ, 2013ರ ಆಗಸ್ಟ್ 14ರ ನಡುರಾತ್ರಿ ದಾಟಿದ ಮೇಲೆ, ಅದೇ ಸಿಂಧುರಕ್ಷಕ್ ಮುಂಬೈ ಬಂದರಿನಾಗ ನಿಂತಲ್ಲೇ ಸ್ಫೋಟ ಆಗಿ ಮುಳುಗಿತು. 18 ಮಂದಿ ಸತ್ತರು. ದೇಹ ಗುರುತಿಸಾಕ ಮನಿಯವರು ಡಿಎನ್ಎ ಕೊಡಬೇಕಾತು. ಮರುವರ್ಷ ಸಿಂಧುರತ್ನದಾಗ ಹೊಗಿ ತುಂಬಿ ಇಬ್ಬರು ಅಧಿಕಾರಿಗಳು ಪ್ರಾಣ ಕೊಟ್ಟರು.

2000ರ ಆಗಸ್ಟ್ 12ಕ್ಕ ರಷ್ಯಾದ ಕುರ್ಸ್ಕ್ ಮುಳುಗಿ 118 ಮಂದಿ ಸತ್ತರು. ಸುದ್ದಿ ಹೊರಗ ಬಂದದ್ದು ಎರಡು ದಿನ ಬಿಟ್ಟು. ಹಿಂದಿನ ಕೋಣಿಯಾಗ 23 ಮಂದಿ ಸ್ಫೋಟದ ಮೇಲೂ ಬದುಕಿದ್ದರು. ಅಧಿಕಾರಿ ದಿಮಿತ್ರಿ ಕೊಲೆಸ್ನಿಕೋವ್ ಕತ್ತಲದಾಗ ಹೆಂಡತಿಗೆ ಚೀಟಿ ಬರೆದಿಟ್ಟಿದ್ದ, ಆಮೇಲೆ ಸಿಕ್ಕಿತು. ಮನಿಯವರ ಸಭೆಯಾಗ ಒಬ್ಬ ತಾಯಿ ಮಂತ್ರಿಯ ಮುಂದ ಕೂಗಾಡಿ ಸತ್ಯ ಕೇಳಿದಾಗ, ಕ್ಯಾಮೆರಾ ಮುಂದೇನೇ ಆಕಿಗೆ ಇಂಜೆಕ್ಷನ್ ಚುಚ್ಚಿ ಸುಮ್ಮನಾಗಿಸಿದರು. ಆ ದೃಶ್ಯ ಇಡೀ ಜಗತ್ತು ನೋಡೈತಿ. ನನ್ನ ಮಟ್ಟಿಗೆ ಕುರ್ಸ್ಕ್ ಕಥಿಯಾಗ ಸ್ಫೋಟಕ್ಕಿಂತ ಇದು ಹೆಚ್ಚು ಕಾಡ್ತೈತಿ.

ವೈರಿಯವರ ಮನಿಯನ್ನೂ ಮರೀಬಾರದು. ಭಾಗ 3ರಾಗ ಬಂದ ಗಾಜಿ 1971ರ ಡಿಸೆಂಬರ್ 3-4ರ ರಾತ್ರಿ ವಿಶಾಖಪಟ್ಟಣದ ಹೊರಗ ಮುಳುಗಿತು. ಹೆಂಗ ಅನ್ನೋದರ ಬಗ್ಗೆ ಎರಡೂ ದೇಶ ಬ್ಯಾರೆ ಬ್ಯಾರೆ ಹೇಳ್ತಾವ. ಒಳಗಿದ್ದ 90ಕ್ಕೂ ಹೆಚ್ಚು ಮಂದಿ ಅಲ್ಲೇ ಉಳಿದರು, ಹಡಗೂ ಅಲ್ಲೇ ಐತಿ. ಕರಾಚಿ ಕಡೆಯ ಮನಿಗಳಾಗೂ ಅವ್ವಂದಿರು ಅಂಚೆಯವನ ದಾರಿ ನೋಡಿರ್ತಾರ.

ಭಾಗ 7

ಸಬ್‌ಮರೀನ್ ಮುಳುಗಿದ ಮೇಲೆ ಫೋನ್ ಇಲ್ಲ. ಮಾಮೂಲಿ ರೇಡಿಯೋ ಅಲೆ ಉಪ್ಪುನೀರಾಗ ಇಳಿಯಂಗಿಲ್ಲ. ಬಹಳ ಕಡಿಮಿ ಕಂಪನದ ಅಲೆ ಮಾತ್ರ ಸ್ವಲ್ಪ ಆಳ ಹೋಗ್ತೈತಿ, ಅದಕ್ಕ ದೈತ್ಯ ಆಂಟೆನಾ ಬೇಕು. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಾಗ 1990ರಿಂದ ಐಎನ್ಎಸ್ ಕಟ್ಟಬೊಮ್ಮನ್ ಇದೇ ಕೆಲಸ ಮಾಡ್ತೈತಿ. ಅದರಿಂದ ಮಾತು ಒಂದೇ ದಿಕ್ಕಿಗೆ ಹೋಗ್ತೈತಿ, ಅದೂ ನಿಧಾನ.

ಬ್ರಿಟನ್ನಿನ ಅಣು ಸಬ್‌ಮರೀನುಗಳು ತಿಂಗಳುಗಟ್ಟಲೆ ಒಳಗೇ ಇರ್ತಾವ. ಅಲ್ಲಿ ಮನಿಯವರಿಗೆ ಒಂದು ಪದ್ಧತಿ ಬಂತು: ವಾರಕ್ಕೊಮ್ಮೆ ಕೆಲವೇ ಪದದ ಸಂದೇಶ ಕಳಿಸಬಹುದು. ಒಳಗಿದ್ದವ ಉತ್ತರ ಕೊಡಂಗಿಲ್ಲ, ಕೊಟ್ಟರೆ ಹಡಗು ಎಲ್ಲಿ ಐತಿ ಅಂತ ಗೊತ್ತಾಗ್ತೈತಿ. ಇನ್ನೊಂದು ಕಠಿಣ ನಿಯಮ, ಕೆಟ್ಟ ಸುದ್ದಿ ಆ ಸಂದೇಶದಾಗ ಬರೆಯಂಗಿಲ್ಲ. ಮನ್ಯಾಗ ಸಾವಾದ್ರೂ ಹಡಗು ವಾಪಸ್ ಬರೋ ತನಕ ಹೇಳದೇ ಇಡ್ತಾರ. ಅವನು ತಿಳಕೊಂಡು ಮಾಡೋದಾದರೂ ಏನು, ಹೊರಗ ಬರಾಕಂತೂ ಆಗಂಗಿಲ್ಲ ಅನ್ನೋ ಲೆಕ್ಕ.

ಇದನ್ನ ಓದಿದಾಗ ನಮ್ಮ ಮನ್ಯಾಗೂ ಇದೇ ಪ್ರಶ್ನೆ ಇತ್ತು. ಅಣ್ಣನ ಕೋರ್ಸು ನಡೆದಾಗ ಆಯಿ ಹಾಸಿಗಿ ಹಿಡಿದಿದ್ದಳು. ಕಾಕಾ ಹೇಳಿದ್ರು, "ಪರೀಕ್ಷಾ ಮುಗಿಯೋ ತನಕ ಹೇಳೋದು ಬ್ಯಾಡ." ಅಪ್ಪ ಮಾತಾಡಲಿಲ್ಲ. ಆದರೆ ಅಣ್ಣ ಹೋಗೋ ಮೊದಲೇ ವೈನಿ ಒಂದು ಕೆಲಸ ಮಾಡಿದ್ದರು. ಅವನನ್ನ ಕುಂದ್ರಿಸಿಕೊಂಡು ನೇರವಾಗಿ ಕೇಳಿದ್ದರು: "ಇಲ್ಲಿ ಏನರ ಆದ್ರ ನಿಮಗ ಹೇಳಬೇಕೋ, ಬ್ಯಾಡೋ? ಈಗ ಹೇಳ್ರಿ, ಆಮೇಲೆ ನಮ್ಮನ್ನ ಬೈಬ್ಯಾಡ್ರಿ." ದಡದ ಮ್ಯಾಲ ಇದ್ದಾಗ ಹೇಳ್ರಿ, ಸಮುದ್ರಕ್ಕ ಇಳಿಯೋ ಹಿಂದಿನ ದಿನ ಹೇಳಬ್ಯಾಡ್ರಿ ಅಂತ ಅವನ ಉತ್ತರ. ಅದೇ ಪ್ರಕಾರ ಹೇಳಿದ್ವಿ. ಅವನು ರಾತ್ರಿ ಆಯಿ ಜೊತೆ ಎರಡು ನಿಮಿಷ ಮಾತಾಡಿದ. ಆಯಿ ಕೇಳಿದ್ದು, "ಅಲ್ಲಿ ರೊಟ್ಟಿ ಸಿಗ್ತೈತೇನೋ?" ಈಗ ಆಯಿ ಆರಾಮ ಆಗ್ಯಾಳ, ಮೊನ್ನೆ ಶೇಂಗಾ ಚಟ್ನಿ ಕುಟ್ಟಿ ಕಳಿಸ್ಯಾಳ.

ನಿಮ್ಮ ಮನ್ಯಾಗ ಯಾರಾದರೂ ಹೊಂಟಿದ್ರ ಈ ಪ್ರಶ್ನೆಯನ್ನ ಅವರು ಬ್ಯಾಗ್ ತುಂಬೋ ಮೊದಲೇ ಕೇಳ್ರಿ. ಕೇಳೋದು ಅಪಶಕುನ ಅಂತಾರ ಕೆಲವರು. ಅನ್ನಲಿ.

ಭಾಗ 8

ಬಹಳ ಮಂದಿ ಕಾಮೆಂಟಿನಾಗ ಕೇಳಿದ್ರಿ: "ಅಣ್ಣನ ಫೋಟೋ ಹಾಕು, ಡ್ರೆಸ್ಸಿನಾಗ." ಹಾಕಂಗಿಲ್ಲ. ಈ ಸರಣಿಯಾಗ ಮ್ಯೂಸಿಯಂ ಹಡಗಿನ ಫೋಟೋ ಮಾತ್ರ ಯಾಕ ಅದಾವ ಅನ್ನೋದಕ್ಕ ಕಾರಣ ಇಲ್ಲೈತಿ.

2019ರ ಡಿಸೆಂಬರ್‌ದಾಗ ಆಂಧ್ರ ಪೊಲೀಸರು ನೌಕಾಪಡೆಯ ಏಳು ಮಂದಿಯನ್ನ ಬಂಧಿಸಿದರು. ಹಡಗು, ಸಬ್‌ಮರೀನ್ ಎಲ್ಲಿ ಯಾವಾಗ ಹೋಗ್ತಾವ ಅನ್ನೋ ಮಾಹಿತಿ ಪಾಕಿಸ್ತಾನಕ್ಕ ಹೋಗಿತ್ತು ಅನ್ನೋ ಆರೋಪ. ಜಾಲ ಬೀಸಿದ್ದು ಎಲ್ಲಿಂದ ಅಂದ್ರ ಫೇಸ್‌ಬುಕ್‌ನಿಂದ, ಹುಡುಗಿಯರ ಹೆಸರಿನ ಖಾತೆಗಳಿಂದ. ಪ್ರಕರಣದಾಗ ವಿಶಾಖಪಟ್ಟಣ, ಮುಂಬೈ ಜೊತೆ ನಮ್ಮ ಕಾರವಾರದ ಹೆಸರೂ ಬಂತು. ಅದೇ ತಿಂಗಳು ನೌಕಾಪಡೆ ತನ್ನ ನೆಲೆಗಳಾಗ, ಹಡಗುಗಳಾಗ ಫೇಸ್‌ಬುಕ್ ಮತ್ತ ಸ್ಮಾರ್ಟ್‌ಫೋನ್ ನಿಷೇಧ ಮಾಡಿತು.

ಅವರು ಹುಡುಕೋದು ಮೊದಲು ನಾವಿಕನನ್ನಲ್ಲ, ಅವನ ತಮ್ಮ, ತಂಗಿ, ಗೆಳೆಯರನ್ನೂ ಹುಡುಕಬಹುದು. "ಅಣ್ಣ ನಾಳೆ ಸೇಲ್ ಆಗ್ತಾನ, ಮಿಸ್ ಯೂ" ಅಂತ ನೀವು ಹಾಕೋ ಸ್ಟೋರಿ 24 ತಾಸಿಗೆ ಹೋಗ್ತೈತಿ, ಸ್ಕ್ರೀನ್‌ಶಾಟ್ ಹೋಗಂಗಿಲ್ಲ. ಹಡಗಿನ ಹೆಸರು, ಬಂದರು, ರಜೆಯ ತಾರೀಖು, ಇವು ಮೂರು ಎಂದೂ ಬರೀಬ್ಯಾಡ್ರಿ. ಫೋಟೋದ ಲೊಕೇಶನ್ ಬಂದ್ ಇಡ್ರಿ. ಗುರುತಿಲ್ಲದವರು ಡಿಎಂ ಮಾಡಿ "ನಿಮ್ಮ ಬ್ರದರ್ ಎಲ್ಲಿ ಪೋಸ್ಟಿಂಗ್?" ಅಂದ್ರ ಬ್ಲಾಕ್ ಮಾಡ್ರಿ. ನಾನು ಅಣ್ಣನ ಬಗ್ಗೆ ಎಷ್ಟು ಬರೀಬಹುದು ಅಂತ ಅವನನ್ನೇ ಕೇಳಿ ಬರೆದೀನಿ, ಅವನು ಎರಡು ಸಾಲು ಹೊಡೆದು ಹಾಕಿದ.

ಭಾಗ 9

ಕೊನೆಗೆ ಡಾಲ್ಫಿನ್ ಬಗ್ಗೆ.

ಶಾಲೆಯ ಕೋರ್ಸು ಮುಗಿದ್ರ ಸಬ್‌ಮರೀನರ್ ಆಗಂಗಿಲ್ಲ. ನಿಜವಾದ ಹಡಗು ಹತ್ತಿ, ಪ್ರತಿ ಪೈಪ್ ಎಲ್ಲಿ ಹುಟ್ಟಿ ಎಲ್ಲಿ ಮುಟ್ಟತೈತಿ, ಯಾವ ವಾಲ್ವ್ ಯಾವ ಕೈಗೆ ಸಿಗ್ತೈತಿ, ಕತ್ತಲದಾಗ ಹೆಂಗ ಹುಡುಕೋದು, ಎಲ್ಲಾ ಕಲಿತು ಹಿರಿಯರ ಮುಂದ ಬಾಯಿಪಾಠ ಒಪ್ಪಿಸಬೇಕು. ಅಡಿಗಿ ಮಾಡೋನಾದರೂ ಸರಿ, ಬೆಂಕಿ ಬಿದ್ದಾಗ ಏನು ಮಾಡಬೇಕು ಅನ್ನೋದು ಗೊತ್ತಿರಬೇಕು, ಯಾಕಂದ್ರ ಆ ಹೊತ್ತಿಗೆ ಹತ್ರ ಇರೋನು ಅವನೇ ಇರಬಹುದು. ಆಗ ಎದಿ ಮ್ಯಾಲ ಡಾಲ್ಫಿನ್ ಬ್ಯಾಡ್ಜ್.

ಈ ಹಂತದಾಗ ಮನಿಯವರಿಗೆ ಸಿಗೋ ಫೋನ್ ಬಹಳ ಸಣ್ಣದು. ಅಣ್ಣ ಫೋನ್ ಮಾಡಿದಾಗ ಮಾತಿಗಿಂತ ಮೌನ ಹೆಚ್ಚು. ಮೊದಮೊದಲು ಅಪ್ಪ ಕಬ್ಬಿನ ಬಿಲ್ ಬಾಕಿ, ಬೋರ್ ಕೆಟ್ಟದ್ದು, ಹೊಲದ ಸರಹದ್ದಿನ ಜಗಳ ಎಲ್ಲಾ ಒಂದೇ ಉಸಿರಿಗೆ ಹೇಳ್ತಿದ್ದರು. ಈಗ ನಾವೊಂದು ವಹಿ ಇಟ್ಟೀವಿ. ವಾರದಾಗ ಆದದ್ದನ್ನ ಅದರಾಗ ಬರೀತೀವಿ: ಆಕಳು ಕರು ಹಾಕಿದ್ದು, ಹಿಪ್ಪರಗಿ ಬ್ಯಾರೇಜಿನ ಗೇಟ್ ತೆಗೆದದ್ದು, ತಂಗಿಯ ಮಾರ್ಕ್ಸ್, ಯಾರ ಮದುವಿ. ಅವನು ಫೋನ್ ಮಾಡಿದಾಗ ಮೊದಲು ಅವನ ಮಾತು ಕೇಳೋದು, ಟೈಮ್ ಉಳಿದ್ರ ವಹಿಯಿಂದ ಎರಡು ಸುದ್ದಿ ಹೇಳೋದು. ಉಳಿದದ್ದು ರಜೆಗೆ ಬಂದಾಗ ಅವನೇ ಓದ್ತಾನ.

ಮೊನ್ನೆ ಅವ್ವ ತಾನೂ ಒಂದು ಸಾಲು ಬರೆದಾಳ, ಪೆನ್ಸಿಲಿನಾಗ. ಏನು ಅಂತ ಹೇಳಂಗಿಲ್ಲ, ಅದು ಅವನಿಗೆ.

ಕುರ್ಸುರಾ ನೋಡಿ ಬಂದವರು ಯಾರಾದರೂ ಇದ್ದರೆ ನಿಮ್ಮ ಫೋಟೋ ಕಳಿಸ್ರಿ, ಮುಂದಿನ ಪೋಸ್ಟಿನಾಗ ಹಾಕ್ತೀನಿ. ಅದರ ನಂತರದ ಸರಣಿ ಕಾರವಾರದ ಐಎನ್ಎಸ್ ಕದಂಬದ ಬಗ್ಗೆ: 1986ರಾಗ ಅಡಿಗಲ್ಲು, 2005ರಾಗ ಉದ್ಘಾಟನೆ, ನಡುವೆ ಊರು ಬಿಟ್ಟವರ ಕಥಿ. ಬೀಳಗಿಯವರು ಅದನ್ನ ತಪ್ಪದೇ ಓದ್ರಿ.

#ಜಮಖಂಡಿ #ಮುಧೋಳ #ಬೀಳಗಿ #ರಬಕವಿಬನಹಟ್ಟಿ #ಸಬ್‌ಮರೀನ್ #ನಮ್ಮಇತಿಹಾಸ